ಗಾಜಿನ ಕೊಳದ ಒಕ್ಕಲು

ತಿಳಿನೀರಿನಲ್ಲಿ ಮೀನಿನ ಹಿಂಡು ಆಡುವುದನ್ನು ನೋಡಿ ಮನಸೋಲದವರು ವಿರಳ. ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಮೇಲೆ ನಿಂತವರಿಗೆ ಆ ದೃಶ್ಯ ಸುಪರಿಚಿತ. ನೂರಾರು ಮೀನುಗಳು ಒಂದೇ ಮನಸ್ಸಿನಿಂದ ಪ್ರೇರಿತವಾದಂತೆ ಕೂಡಿ ಬರುತ್ತವೆ. ನೀರಿನ ಮೇಲೆ ನೆರಳೊಂದು ಸುಳಿದರೆ ಚದರುತ್ತವೆ. ಮರುಕ್ಷಣವೇ ಮತ್ತೆ ಒಂದಾಗುತ್ತವೆ. ಹೊಳೆಯ ಈ ಸೊಬಗಿನ ಒಂದು ತುಣುಕನ್ನು ಮನೆಯ ಪಡಸಾಲೆಗೆ ತಂದಿರಿಸಿಕೊಳ್ಳಬೇಕೆಂಬ ಹಂಬಲವೇ ಅಕ್ವೇರಿಯಮ್ಮಿನ ಹುಟ್ಟಿಗೆ ಕಾರಣ.

ಮೀನು ಸಾಕುವ ಹವ್ಯಾಸ ಪ್ರಾಚೀನವಾದುದು. ಚೀನಾ ದೇಶದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆಯೇ ಹೊಂಬಣ್ಣದ ಮೀನುಗಳನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಆದರೆ ಗಾಜಿನ ಪಾತ್ರೆಯಲ್ಲಿ, ನಿಂತ ನೀರಿನಲ್ಲಿ, ಮೀನು ಬಹುಕಾಲ ಬದುಕುವ ಬಗೆ ಸ್ಪಷ್ಟವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ಜಲಸಸ್ಯ, ಬಸವನಹುಳು ಈ ಮೂರನ್ನೂ ಒಂದೇ ಪಾತ್ರೆಯಲ್ಲಿರಿಸಿ, ಒಂದರ ಬದುಕು ಮತ್ತೊಂದಕ್ಕೆ ಆಸರೆಯಾಗುವ ರೀತಿಯನ್ನು ೧೮೫೦ರಲ್ಲಿ ವಿವರಿಸಿದನು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಪ್ರಕಟಿಸಿದ ಗ್ರಂಥದಿಂದ ‘ಅಕ್ವೇರಿಯಂ’ ಎಂಬ ಹೆಸರು ಜನಜನಿತವಾಯಿತು. ಆರಂಭದಿಂದಲೂ ಈ ಕಲೆಯ ತಿರುಳು ಒಂದೇ: ಗಾಜಿನ ತೊಟ್ಟಿಯೊಳಗಿರುವುದು ಬಿಡಿಬಿಡಿಯಾದ ಜೀವಿಗಳಲ್ಲ, ಪರಸ್ಪರಾಧೀನವಾದ ಒಂದು ಸಮಾಜ.

ಈ ತಿರುಳನ್ನು ಮರೆತಾಗ ಹವ್ಯಾಸವು ಹಿಂಸೆಯಾಗುತ್ತದೆ. ಅಂಗಡಿಯ ದೀಪದ ಬೆಳಕಿನಲ್ಲಿ ಹೊಳೆಯುವ ಮೀನುಗಳನ್ನು ಕಂಡು ಕೆಂಪು ಬಣ್ಣದ್ದೊಂದು, ನೀಲಿಯದೊಂದು, ಪಟ್ಟೆಯದೊಂದು, ಉದ್ದ ಬಾಲದ್ದೊಂದು ಎಂದು ಬೇಳೆಕಾಳು ಆರಿಸಿದಂತೆ ಆರಿಸಿ ತರುವವರೇ ಹೆಚ್ಚು. ವಾರ ಕಳೆಯುವುದರೊಳಗೆ ಒಂದು ಮೀನು ಗಿಡದ ಮರೆ ಸೇರಿ ಹೊರಬರುವುದಿಲ್ಲ. ಇನ್ನೊಂದರ ರೆಕ್ಕೆ ಹರಿದಿರುತ್ತದೆ. ಮತ್ತೊಂದು ಹೊಟ್ಟೆ ಮೇಲಾಗಿ ತೇಲುತ್ತದೆ. “ಮೀನಿನ ಆಯುಸ್ಸೇ ಇಷ್ಟು” ಎಂದು ಸಮಾಧಾನ ಹೇಳಿಕೊಂಡು ಮನೆಯವರು ಮತ್ತೆ ಅಂಗಡಿಗೆ ಹೋಗುತ್ತಾರೆ. ನಿಜದಲ್ಲಿ ಆ ಮೀನುಗಳ ಆಯುಸ್ಸು ಅಷ್ಟು ಕಿರಿದಲ್ಲ. ಸರಿಯಾಗಿ ನೋಡಿಕೊಂಡರೆ ಅವುಗಳಲ್ಲಿ ಅನೇಕವು ಮೂರು, ನಾಲ್ಕು, ಐದು ವರ್ಷ ಬಾಳುತ್ತವೆ. ತಪ್ಪಿದ್ದು ಆಯ್ಕೆಯಲ್ಲಿ. ಮೀನನ್ನು ಆರಿಸುವುದೆಂದರೆ ಒಂದು ಬಣ್ಣವನ್ನು ಆರಿಸುವುದಲ್ಲ, ಒಂದು ಬಾಳುವೆಯನ್ನು ಆರಿಸುವುದು. ಆ ಬಾಳುವೆಗೆ ಬೇಕಾದ ನೀರು, ನೆರೆ, ಬಂಧುಬಳಗ ಇವೆಲ್ಲವನ್ನೂ ಅದರೊಡನೆಯೇ ಆರಿಸಬೇಕಾಗುತ್ತದೆ.

ಹಲವು ಜಾತಿಯ ಮೀನುಗಳು ಕಲಹವಿಲ್ಲದೆ ಕೂಡಿ ಬಾಳುವ ತೊಟ್ಟಿಗೆ ತಕ್ಕವು ಹಿಂಡಿನಲ್ಲಿ ಬಾಳುವ ಸಣ್ಣ ಮೀನುಗಳು. ಇವು ಹಿಂಡನ್ನು ಕಟ್ಟುವುದು ಕೇವಲ ವಿನೋದಕ್ಕಲ್ಲ. ತೆರೆದ ನೀರಿನಲ್ಲಿ ಸಣ್ಣ ಮೀನಿಗೆ ಕೋಟೆಯಿಲ್ಲ, ಕವಚವಿಲ್ಲ, ಕೊಂಬಿಲ್ಲ. ಅದರ ರಕ್ಷಣೆ ಎಂದರೆ ಅದರ ನೆರೆಯ ಮೀನು. ನೂರು ಮೀನುಗಳು ಏಕಕಾಲದಲ್ಲಿ ಹೊರಳಿದಾಗ ಬೇಟೆಗಾರ ಮೀನಿಗೆ ಒಂದರ ಮೇಲೆ ದೃಷ್ಟಿಯನ್ನು ನಿಲ್ಲಿಸಲಾಗುವುದಿಲ್ಲ. ನೂರು ಜೊತೆ ಕಣ್ಣುಗಳಿರುವಲ್ಲಿ ಅಪಾಯ ಬೇಗನೆ ಗೋಚರಿಸುತ್ತದೆ, ಆಹಾರವೂ ಹಾಗೆಯೇ. ದೊಡ್ಡ ಹಿಂಡಿನ ಮೀನುಗಳು ಸಣ್ಣ ಹಿಂಡಿನವುಗಳಿಗಿಂತ ಬೇಗನೆ ಆಹಾರವನ್ನು ಪತ್ತೆಮಾಡುತ್ತವೆಂದು ೧೯೮೨ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿಕೊಟ್ಟಿತು. ಜೇನುನೊಣಗಳ ನೃತ್ಯಭಾಷೆಯನ್ನು ಬಿಡಿಸಿ ೧೯೭೩ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಕಾರ್ಲ್ ಫಾನ್ ಫ್ರಿಶ್, ಮೀನುಗಳಲ್ಲಿಯೂ ಒಂದು ಸೋಜಿಗವನ್ನು ಕಂಡಿದ್ದನು. ಹಿಂಡಿನ ಒಂದು ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ಒಸರುವ ವಸ್ತುವೊಂದು ನೀರಿನಲ್ಲಿ ಬೆರೆತು ಉಳಿದವುಗಳನ್ನು ಎಚ್ಚರಿಸುತ್ತದೆ. ಅವು ಒಡನೆಯೇ ಒತ್ತಾಗಿ ಕೂಡುತ್ತವೆ, ಇಲ್ಲವೆ ಅಡಗಿಕೊಳ್ಳುತ್ತವೆ. ಈ ಸಂಗತಿಯನ್ನು ಅವನು ೧೯೩೮ರಲ್ಲಿ ಪ್ರಕಟಿಸಿದನು.

ಇಂತಹ ಹಿಂಡಿಗೆ ಒಡೆಯನಿಲ್ಲ, ಮುಂದಾಳುವಿಲ್ಲ. ಮೀನಿನ ಎರಡು ಪಕ್ಕೆಗಳ ಉದ್ದಕ್ಕೂ ಪಾರ್ಶ್ವರೇಖೆ ಎಂಬ ಇಂದ್ರಿಯವಿದೆ. ನೆರೆಯ ಮೀನು ಚಲಿಸಿದಾಗ ನೀರಿನಲ್ಲಿ ಏಳುವ ಸೂಕ್ಷ್ಮ ಅಲುಗಾಟವನ್ನು ಅದು ಗ್ರಹಿಸುತ್ತದೆ. ಕಣ್ಣು ಮತ್ತು ಪಾರ್ಶ್ವರೇಖೆಗಳ ನೆರವಿನಿಂದ ಪ್ರತಿಯೊಂದು ಮೀನೂ ತನ್ನ ಅಕ್ಕಪಕ್ಕದವುಗಳನ್ನು ಅನುಸರಿಸುತ್ತದೆ. ಅಪ್ಪಣೆ ಕೊಡುವವರಿಲ್ಲದೆಯೇ ಅಪ್ಪಣೆ ಪಾಲಿಸಿದಂತಹ ಶಿಸ್ತು ಹುಟ್ಟುವುದು ಹೀಗೆ.

ಆದುದರಿಂದ ಹಿಂಡಿನ ಮೀನೊಂದನ್ನು ಒಂಟಿಯಾಗಿ ಇಡುವುದೆಂದರೆ ಅದನ್ನು ಸದಾ ಭಯದಲ್ಲಿ ಇಟ್ಟಂತೆಯೇ ಸರಿ. ಅದರ ಮೈಬಣ್ಣ ಮಾಸುತ್ತದೆ, ಹಸಿವು ಕುಂದುತ್ತದೆ, ರೋಗ ಬೇಗನೆ ತಗಲುತ್ತದೆ. ಕೆಲವು ಮೀನುಗಳಲ್ಲಿ ಒಂಟಿತನವು ಕಾಟವಾಗಿ ಪರಿಣಮಿಸುವುದೂ ಉಂಟು. ಸುಮಾತ್ರ, ಬೋರ್ನಿಯೋ ದ್ವೀಪಗಳ ಟೈಗರ್ ಬಾರ್ಬ್ ಎಂಬ ಹುಲಿಪಟ್ಟೆಯ ಮೀನು ಇದಕ್ಕೆ ಉತ್ತಮ ನಿದರ್ಶನ. ಎರಡು ಮೂರನ್ನು ಮಾತ್ರ ತಂದುಬಿಟ್ಟರೆ ಅವು ಇತರ ಮೀನುಗಳ ರೆಕ್ಕೆಗಳನ್ನು ಕಚ್ಚಿ ಹರಿಯುತ್ತವೆ. ಎಂಟು ಹತ್ತು ಒಟ್ಟಿಗಿದ್ದರೆ ಅವುಗಳ ಓಡಾಟ, ಬೆನ್ನಟ್ಟುವಿಕೆಗಳು ಬಹುಮಟ್ಟಿಗೆ ತಮ್ಮ ತಮ್ಮಲ್ಲಿಯೇ ಮುಗಿದುಹೋಗುತ್ತವೆ. ಮೀನಿನ ಸ್ವಭಾವವೆಂದು ಜನ ದೂರುವುದು ಎಷ್ಟೋ ವೇಳೆ ಸ್ವಭಾವವಲ್ಲ, ಸಂಗದ ಕೊರತೆ. ಹಿಂಡಿನ ಮೀನನ್ನು ಆರಕ್ಕಿಂತ ಕಡಿಮೆ ತರಬಾರದು. ಎಂಟು ಹತ್ತು ಇದ್ದರೆ ಇನ್ನೂ ಮೇಲು. ಹತ್ತು ಜಾತಿಯ ಒಂದೊಂದು ಮೀನಿಗಿಂತ ಒಂದು ಜಾತಿಯ ಹತ್ತು ಮೀನು ಕಣ್ಣಿಗೂ ಹೆಚ್ಚು ಸೊಗಸು.

ಆಯ್ಕೆಯಲ್ಲಿ ಎರಡನೆಯದಾಗಿ ಗಮನಿಸಬೇಕಾದ ಗುಣ ತಾಳಿಕೆ. ಹೊಸದಾಗಿ ಮೀನು ಸಾಕುವವರ ಕೈಯಲ್ಲಿ ನೀರಿನ ಗುಣ ಏರುಪೇರಾಗುವುದು, ವಿದ್ಯುತ್ತು ನಿಂತು ಗಾಳಿಯ ಪಂಪು ಸ್ತಬ್ಧವಾಗುವುದು, ಬೇಸಿಗೆಯಲ್ಲಿ ನೀರು ಬಿಸಿಯಾಗುವುದು ಸಹಜ. ಇವನ್ನು ಸಹಿಸುವ ಮೀನುಗಳಲ್ಲಿ ಮೊದಲು ನೆನೆಯಬೇಕಾದದ್ದು ಜೀಬ್ರಾ ಮೀನು. ಬೆಳ್ಳಿಯ ಮೈಮೇಲೆ ಕಡುನೀಲಿಯ ಗೆರೆಗಳನ್ನು ಎಳೆದುಕೊಂಡ, ನಾಲ್ಕು ಸೆಂಟಿಮೀಟರ್ ಉದ್ದದ ಈ ಚುರುಕು ಜೀವಿ ಪರದೇಶದ್ದಲ್ಲ. ಭಾರತ, ನೇಪಾಳ, ಬಾಂಗ್ಲಾದೇಶಗಳ ಹಳ್ಳಕೊಳ್ಳಗಳು, ಭತ್ತದ ಗದ್ದೆಗಳು ಅದರ ತವರು. ಇದನ್ನು ಮೊದಲು ವೈಜ್ಞಾನಿಕವಾಗಿ ವರ್ಣಿಸಿದವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಟಿಪ್ಪುಸುಲ್ತಾನನ ಪತನಾನಂತರ, ೧೮೦೦-೧೮೦೧ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ಬೆಳೆ, ಕಸುಬು, ಜನಜೀವನಗಳನ್ನು ದಾಖಲಿಸಿದ ಬುಕಾನನ್ನನೇ ಇವನು. ಮುಂದೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರನ್ನು ಧರಿಸಿ, ಗಂಗಾನದಿಯ ಮೀನುಗಳನ್ನು ಕುರಿತು ೧೮೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ಜೀಬ್ರಾ ಮೀನಿಗೆ ಸ್ಥಾನ ಕೊಟ್ಟನು.

ಗದ್ದೆಯ ಈ ಮೀನು ಇಂದು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಮಾನ್ಯ ಅತಿಥಿ. ಸುಲಭವಾಗಿ ಸಾಕಬಹುದು; ಮೊಟ್ಟೆ ಪಾರದರ್ಶಕವಾದುದರಿಂದ ಭ್ರೂಣದ ಬೆಳವಣಿಗೆಯನ್ನು ಕಣ್ಣಾರೆ ಕಾಣಬಹುದು. ಅಮೆರಿಕದ ಒರೆಗಾನ್ ವಿಶ್ವವಿದ್ಯಾನಿಲಯದ ಜಾರ್ಜ್ ಸ್ಟ್ರೈಸಿಂಗರ್ ೧೯೮೧ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಅದರ ಕೀರ್ತಿ ಹಬ್ಬಿತು. ಮಾನವನ ವಂಶವಾಹಿಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಸರಿಸಾಟಿಯಾದವು ಈ ಮೀನಿನಲ್ಲಿಯೂ ಇವೆಯೆಂದು ೨೦೧೩ರಲ್ಲಿ ತಿಳಿದುಬಂದಿತು. ಕೆಲವೇ ರೂಪಾಯಿಗಳಿಗೆ ದೊರೆಯುವ ಜೀವಿಯನ್ನು ಕೀಳಾಗಿ ಕಾಣುವವರು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ಜೀಬ್ರಾ ಮೀನಿನಂತೆಯೇ ಗಟ್ಟಿಮುಟ್ಟಾದ ಇತರ ಹಿಂಡಿನ ಮೀನುಗಳೂ ಇವೆ. ಉತ್ತರ ಭಾರತದ ಹೊಳೆಗಳ ರೋಸಿ ಬಾರ್ಬ್ ಅವುಗಳಲ್ಲೊಂದು. ಸಂತಾನಕಾಲದಲ್ಲಿ ಇದರ ಗಂಡು ಗುಲಾಬಿಗೆಂಪು ತಾಳುತ್ತದೆ. ತುಸು ದೊಡ್ಡದಾಗಿ ಬೆಳೆಯುವ ಇದಕ್ಕೆ ತಂಪು ನೀರು ಹಿತ. ಶ್ರೀಲಂಕೆಯ ಚೆರ್ರಿ ಬಾರ್ಬ್ ಸೌಮ್ಯ ಸ್ವಭಾವದ್ದು. ಗಿಡಗಳು ದಟ್ಟವಾಗಿದ್ದಷ್ಟೂ ಅದರ ಕೆಂಪು ಮೆರುಗುತ್ತದೆ. ಮಲೇಶಿಯ, ಸುಮಾತ್ರಗಳ ಹಾರ್ಲೆಕ್ವಿನ್ ರಾಸ್ಬೋರದ ತಾಮ್ರವರ್ಣದ ಮೈಮೇಲೆ ಬಾಲದ ಕಡೆಗೆ ಮೊನಚಾಗುವ ಕಪ್ಪು ಮುಕ್ಕೋನವಿದೆ. ಅದು ಎಲೆಯ ಅಡಿಭಾಗಕ್ಕೆ ಮೊಟ್ಟೆಗಳನ್ನು ಅಂಟಿಸುತ್ತದೆ. ದಕ್ಷಿಣ ಅಮೆರಿಕದ ನಿಯಾನ್ ಟೆಟ್ರಾ ಇವೆಲ್ಲಕ್ಕಿಂತ ಮನಮೋಹಕವಾದರೂ ಹೊಸಬರಿಗೆ ತಕ್ಕುದಲ್ಲ. ಮೆದುನೀರಿನ ಆ ಮೀನಿಗೆ ಕೋಲಾರದಂತಹ ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರು ಒಗ್ಗುವುದಿಲ್ಲ. ಮೀನಿಗೆ ತಕ್ಕಂತೆ ನೀರನ್ನು ಬದಲಿಸಲು ಹೆಣಗುವುದಕ್ಕಿಂತ, ಇರುವ ನೀರಿಗೆ ತಕ್ಕ ಮೀನನ್ನು ಆರಿಸುವುದು ಜಾಣತನ.

ಇನ್ನು ಬಣ್ಣದ ಮಾತು. ನಿಯಾನ್ ಟೆಟ್ರಾದ ಪಕ್ಕೆಯಲ್ಲಿ ಹೊಳೆಯುವ ನೀಲಿ ಪಟ್ಟೆ ನಿಜವಾಗಿ ಬಣ್ಣವಲ್ಲ. ಚರ್ಮದ ಕೋಶಗಳಲ್ಲಿರುವ ಅತಿ ತೆಳುವಾದ ಹರಳುಗಳಿಂದ ಬೆಳಕು ಪ್ರತಿಫಲಿಸಿದಾಗ ಕಾಣುವ ಸೋಜಿಗ. ರಾತ್ರಿ ಆ ಪಟ್ಟೆ ಮಂಕಾಗುತ್ತದೆ, ಬೆಳಗಾದಾಗ ಮರಳುತ್ತದೆ. ನಿಸರ್ಗ ಕೊಟ್ಟ ಬಣ್ಣ ಮೀನಿನ ಆರೋಗ್ಯಕ್ಕೆ ಹಿಡಿದ ಕನ್ನಡಿ. ಮನುಷ್ಯ ಬಳಿದ ಬಣ್ಣ ಹಾಗಲ್ಲ. ನಮ್ಮ ದೇಶದ ನೀರುಗಳಲ್ಲಿ ಗಾಜಿನಂತೆ ಪಾರದರ್ಶಕವಾದ, ಮೈಯೊಳಗಿನ ಮೂಳೆಗಳೂ ಕಾಣುವ ಒಂದು ಪುಟ್ಟ ಮೀನಿದೆ. ಅದರ ಸಹಜ ಚೆಲುವು ಸಾಲದೆಂದು ಭಾವಿಸಿ ಸೂಜಿಯಿಂದ ಅದರ ಮೈಗೆ ಹಸಿರು, ಕೆಂಪು, ಹಳದಿ ಬಣ್ಣಗಳನ್ನು ಚುಚ್ಚಿ ಮಾರುವ ಪದ್ಧತಿ ವ್ಯಾಪಾರದಲ್ಲಿ ಬೆಳೆಯಿತು. ಚುಚ್ಚಿದ ಗಾಯದಿಂದ ಎಷ್ಟೋ ಮೀನುಗಳು ನರಳುತ್ತವೆ. ಬದುಕಿದವುಗಳ ಬಣ್ಣವೂ ಕೆಲವು ತಿಂಗಳಲ್ಲಿ ಮಾಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ನಾಣ್ಣುಡಿ ಮೀನಿನ ಅಂಗಡಿಗೂ ಸಲ್ಲುತ್ತದೆ. ಮಾಸಿಹೋಗುವ ಚೆಲುವಿಗಾಗಿ ಜೀವವೊಂದು ನೋಯುವುದಾದರೆ, ಅದನ್ನು ಮಾರುವವನಷ್ಟೇ ಕೊಳ್ಳುವವನೂ ಹೊಣೆಗಾರ.

ಮೀನನ್ನು ತರುವುದಕ್ಕೆ ಮುನ್ನ ಅದರ ಮನೆ ಸಿದ್ಧವಾಗಬೇಕು. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಬೇರೊಂದು ಬಗೆಯವು ಅದನ್ನು ಅಷ್ಟಾಗಿ ಹಾನಿಮಾಡದ ನೈಟ್ರೇಟ್ ಆಗಿಸುತ್ತವೆ. ಅದನ್ನು ಜಲಸಸ್ಯಗಳು ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಈ ಕೆಲಸಗಾರರು ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ ತಂದ ದಿನವೇ ಮೀನು ಬಿಟ್ಟವರು ಅವುಗಳನ್ನು ಕಳೆದುಕೊಳ್ಳುವುದು ಇದೇ ಕಾರಣದಿಂದ. ಆತುರಗಾರನಿಗೆ ಬುದ್ಧಿ ಮಟ್ಟ. ತಾಳಿಕೆಯ ಮೀನೆಂದರೆ ಎಲ್ಲವನ್ನೂ ತಾಳಬೇಕಾದ ಮೀನೆಂದು ಅರ್ಥವಲ್ಲ. ಸಾಕುವವರ ಸಣ್ಣಪುಟ್ಟ ಪ್ರಮಾದಗಳನ್ನು ಮನ್ನಿಸುವ ಮೀನೆಂದು ಮಾತ್ರ ಅರ್ಥ.

ಉದಾಹರಣೆಗೆ, ೯೦ ಸೆಂಟಿಮೀಟರ್ ಉದ್ದ, ೩೦ ಅಗಲ, ೪೦ ಎತ್ತರದ ತೊಟ್ಟಿಯೊಂದನ್ನು ಭಾವಿಸಿಕೊಳ್ಳಬಹುದು. ಅದರ ಗಾತ್ರ ೧೦೮ ಲೀಟರು; ಮರಳು ಮತ್ತು ಮೇಲಿನ ತೆರವನ್ನು ಕಳೆದರೆ ಸುಮಾರು ೯೦ ಲೀಟರು ನೀರು ಹಿಡಿಸುತ್ತದೆ. ನೀರು, ಮರಳು, ಗಾಜು ಸೇರಿ ನೂರು ಕಿಲೋಗ್ರಾಮನ್ನು ಮೀರುವ ಈ ಭಾರಕ್ಕೆ ಭದ್ರವಾದ ಪೀಠ ಅಗತ್ಯ. ಮೇಲಿನ ಅಂತಸ್ತಿನ ಒಕ್ಕಲಾಗಿ ಹತ್ತು ಜೀಬ್ರಾ ಮೀನು, ನಡುವಿನ ಅಂತಸ್ತಿಗೆ ಎಂಟು ಚೆರ್ರಿ ಬಾರ್ಬ್, ತಳದಲ್ಲಿ ನುಣುಪು ಮರಳನ್ನು ಕೆದಕುತ್ತ ಅಡ್ಡಾಡಲು ಆರು ಕೊರಿಡೋರಾಸ್ ಎಂಬ ಮೀಸೆಮೀನು, ಇಷ್ಟು ಸಾಕು. ಒಂದರ ದಾರಿಗೆ ಇನ್ನೊಂದು ಅಡ್ಡವಾಗುವುದಿಲ್ಲ. ಎಲ್ಲವನ್ನೂ ಒಂದೇ ದಿನ ತರದೆ, ಎರಡು ಮೂರು ವಾರಗಳ ಅಂತರದಲ್ಲಿ ಒಂದೊಂದು ಹಿಂಡನ್ನು ಸೇರಿಸಬೇಕು. ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಬದಲಿಸಬೇಕು. ಕ್ಲೋರಿನ್ ಬೆರೆತ ನಲ್ಲಿಯ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ಯಾರನ್ನು ಸೇರಿಸಬಾರದೆಂಬುದೂ ತಿಳಿದಿರಬೇಕು. ಏಂಜೆಲ್ ಮೀನು ಬೆಳೆದು ದೊಡ್ಡದಾದ ಮೇಲೆ ನಿಯಾನ್ ಟೆಟ್ರಾಗಳನ್ನು ನುಂಗಿಬಿಡುತ್ತದೆ. ಚಿನ್ನದ ಮೀನಿಗೆ ತಂಪು ನೀರೂ ಹೆಚ್ಚು ಸ್ಥಳವೂ ಬೇಕು. ತೊಟ್ಟಿಯನ್ನು ಶುಚಿಮಾಡುತ್ತದೆಂದು ಹೇಳಿ ಮಾರುವ, ಬಾಯಿಯಿಂದ ಗಾಜಿಗೆ ಅಂಟಿಕೊಳ್ಳುವ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಬೇಡವಾದಾಗ ಜನ ಅದನ್ನು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಇಂದು ದಕ್ಷಿಣ ಭಾರತದ ಹಲವು ಕೆರೆಹೊಳೆಗಳಲ್ಲಿ ಬೇರೂರಿ, ಮೀನುಗಾರರ ಬಲೆಗಳನ್ನು ಹರಿಯುತ್ತ, ಸ್ಥಳೀಯ ಮೀನುಗಳ ಅನ್ನವನ್ನು ಕಸಿಯುತ್ತಿದೆ. ಬಿಡುಗಡೆ ಎಂಬ ಹೆಸರಿನಲ್ಲಿ ಮಾಡಿದ ಒಂದು ಔದಾರ್ಯ ಇಡೀ ಕೆರೆಗೆ ಕಂಟಕವಾದ ಬಗೆ ಇದು. ತೊಟ್ಟಿಯ ಮೀನನ್ನು ಎಂದೆಂದಿಗೂ ಕೆರೆಗೆ ಬಿಡಬಾರದು.

ಕೆರೆಗೆ ಬಿಡುವುದರಲ್ಲಿ ಹೇಗೋ ಹೊಳೆಯಿಂದ ಹಿಡಿಯುವುದರಲ್ಲಿಯೂ ಹಾಗೆಯೇ ವಿವೇಕ ಬೇಕು. ಕೇರಳದ ಹಾಗೂ ಅದಕ್ಕೆ ಹೊಂದಿಕೊಂಡ ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟಗಳ ಹೊಳೆಗಳಲ್ಲಿ ಒಂದು ಸುಂದರ ಮೀನಿದೆ. ಮೈಯುದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ರಕ್ತವರ್ಣದ ಇನ್ನೊಂದು ಗೆರೆ, ಬಾಲದಲ್ಲಿ ಕಪ್ಪು ಹಳದಿ ಮಚ್ಚೆಗಳು. ವ್ಯಾಪಾರಿಗಳು ಇದಕ್ಕೆ ‘ಮಿಸ್ ಕೇರಳ’ ಎಂದು ಹೆಸರಿಟ್ಟರು. ೧೮೬೫ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವರ್ಣಿಸಿ, ಅಂದಿನ ಮದರಾಸಿನ ಗವರ್ನರ್ ಡೆನಿಸನ್ನನ ಹೆಸರನ್ನು ಇದಕ್ಕೆ ಇಟ್ಟಿದ್ದನು. ಶತಮಾನಕ್ಕೂ ಹೆಚ್ಚು ಕಾಲ ತನ್ನ ಪಾಡಿಗೆ ತಾನಿದ್ದ ಈ ಮೀನು ೧೯೯೦ರ ದಶಕದಲ್ಲಿ ವಿದೇಶದ ಹವ್ಯಾಸಿಗಳ ಕಣ್ಣಿಗೆ ಬಿದ್ದದ್ದೇ ಅದರ ದುರ್ದೆಸೆಗೆ ನಾಂದಿಯಾಯಿತು. ೨೦೦೫ರಿಂದ ೨೦೧೨ರವರೆಗಿನ ಅವಧಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮೀನುಗಳು ಭಾರತದಿಂದ ರಫ್ತಾದವು. ಹಿಂಡಿನಲ್ಲಿ ಚಲಿಸುವ ಮೀನಾದುದರಿಂದ ಒಂದೇ ಬಲೆಗೆ ಹಿಂಡಿಗೆ ಹಿಂಡೇ ಸಿಲುಕುತ್ತಿತ್ತು. ಶತ್ರುವಿನಿಂದ ಕಾಪಾಡುತ್ತಿದ್ದ ಒಗ್ಗಟ್ಟೇ ಬಲೆಯ ಮುಂದೆ ಶತ್ರುವಾಯಿತು. ವಿಜ್ಞಾನಿಗಳು ೨೦೧೩ರಲ್ಲಿ ಸಹ್ಯಾದ್ರಿಯ ಹೆಸರಿನಿಂದಲೇ ‘ಸಹ್ಯಾದ್ರಿಯ’ ಎಂಬ ಕುಲವನ್ನು ಸ್ಥಾಪಿಸಿ ಇದನ್ನು ಅದರಲ್ಲಿ ಸೇರಿಸಿದರು. ಅಷ್ಟರಲ್ಲಿ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನು ಸೇರಿಯಾಗಿತ್ತು. ಸಾಕಣೆಯಲ್ಲಿ ಈ ಮೀನಿನಿಂದ ಮರಿ ಪಡೆಯುವ ವಿಧಾನ ಈಗ ತಿಳಿದಿದೆ. ಆದರೂ ಹೊಳೆಯಲ್ಲಿ ತಾನಾಗಿ ಈಸುವ ಒಂದು ಹಿಂಡಿಗೆ ತೊಟ್ಟಿಯ ಯಾವ ಹಿಂಡೂ ಸಾಟಿಯಲ್ಲ.

ಅಂಗಡಿಯಲ್ಲಿ ಮೀನನ್ನು ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇವು: ಇದು ಎಷ್ಟು ದೊಡ್ಡದಾಗಿ ಬೆಳೆಯುತ್ತದೆ? ಎಷ್ಟು ಜೊತೆಗಾರರು ಬೇಕು? ನಮ್ಮ ನೀರು ಒಗ್ಗುತ್ತದೆಯೆ? ಇದು ಸಾಕಣೆಯಲ್ಲಿ ಹುಟ್ಟಿದ್ದೋ, ಹೊಳೆಯಿಂದ ಹಿಡಿದದ್ದೋ? ಬೆಲೆಯ ಪ್ರಶ್ನೆ ಇವೆಲ್ಲದರ ಅನಂತರದ್ದು. ಮೀನಿಗೆ ನೋವನ್ನು ಕೂಗಿ ಹೇಳುವ ಧ್ವನಿಯಿಲ್ಲ. ಅದರ ಬಣ್ಣ ಮಾಸುವುದು, ಅದು ಗುಂಪು ಬಿಟ್ಟು ಮೂಲೆ ಸೇರುವುದು, ಇವೇ ಅದರ ಮಾತು. ಆ ಮಾತನ್ನು ಓದಬಲ್ಲ ಕಣ್ಣಿದ್ದವರ ಮನೆಯಲ್ಲಿ ನಾಲ್ಕು ಗಾಜಿನ ಗೋಡೆಗಳ ನಡುವೆಯೂ ಒಂದು ಹೊಳೆ ಹರಿಯುತ್ತದೆ. ಇಲ್ಲದವರ ಮನೆಯಲ್ಲಿ ಉಳಿಯುವುದು ನೀರು ತುಂಬಿದ ಪೆಟ್ಟಿಗೆ ಮಾತ್ರ.

ಶಬ್ದಾರ್ಥ

ಒಕ್ಕಲು – ಮನೆತನ, ವಾಸಿಸುವವರು. ಸೋಪಾನ – ಮೆಟ್ಟಿಲು. ಪರಸ್ಪರಾಧೀನ – ಒಂದನ್ನೊಂದು ಅವಲಂಬಿಸಿದ. ಪಾರ್ಶ್ವ – ಪಕ್ಕ, ಮಗ್ಗುಲು. ತಾಳಿಕೆ – ಸಹಿಸುವ ಶಕ್ತಿ. ವಂಶವಾಹಿ – ತಾಯಿತಂದೆಯರ ಗುಣಗಳನ್ನು ಸಂತಾನಕ್ಕೆ ಒಯ್ಯುವ ಅಂಶ. ವಿಸರ್ಜನೆ – ದೇಹವು ಹೊರಹಾಕುವ ಕಲ್ಮಷ. ಪ್ರಮಾದ – ತಪ್ಪು. ಕಂಟಕ – ಕೇಡು. ನಾಂದಿ – ಆರಂಭ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ವಾರಿಂಗ್ಟನ್ ಒಂದೇ ಪಾತ್ರೆಯಲ್ಲಿರಿಸಿದ ಮೂರು ಜೀವಿಗಳು ಯಾವುವು?
೨. ಜೀಬ್ರಾ ಮೀನನ್ನು ಮೊದಲು ವೈಜ್ಞಾನಿಕವಾಗಿ ವರ್ಣಿಸಿದವರು ಯಾರು?
೩. ಪಾರ್ಶ್ವರೇಖೆಯ ಕೆಲಸವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಸಣ್ಣ ಮೀನುಗಳು ಹಿಂಡು ಕಟ್ಟುವುದರಿಂದ ಆಗುವ ಪ್ರಯೋಜನಗಳೇನು?
೨. ತೊಟ್ಟಿ ತಂದ ದಿನವೇ ಮೀನು ಬಿಡಬಾರದೇಕೆ?
೩. “ಶತ್ರುವಿನಿಂದ ಕಾಪಾಡುತ್ತಿದ್ದ ಒಗ್ಗಟ್ಟೇ ಬಲೆಯ ಮುಂದೆ ಶತ್ರುವಾಯಿತು.” ಈ ಮಾತನ್ನು ವಿವರಿಸಿರಿ.

ಇ) ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಮನಸೋಲು, ಬೇರೂರು, ಜನಜನಿತ, ಸರಿಸಾಟಿ.

ಈ) ನಿಮ್ಮ ಊರಿನ ಕೆರೆ ಅಥವಾ ಹೊಳೆಯಲ್ಲಿರುವ ಮೀನುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ತಿಳಿದು, ಅವುಗಳಲ್ಲಿ ಹಿಂಡಿನಲ್ಲಿ ಬಾಳುವವು ಯಾವುವೆಂದು ಪಟ್ಟಿಮಾಡಿರಿ.